ಮನೆ ಬಿಡುವಾಗ ಅಂಗಳದ ಕಲ್ಲು

ಕಳೆದ ಬೇಸಗೆಯಲ್ಲಿ ನಮ್ಮ ಭಾವನವರು ಸಿಂಧಘಟ್ಟದ ಹಳೆಯ ಮನೆಯನ್ನು ಬಿಟ್ಟು ಮೈಸೂರಿನ ಹೊಸ ಬಡಾವಣೆಗೆ ಹೊರಟರು. ಪಾತ್ರೆ ಪಡಗಗಳೆಲ್ಲ ಲಾರಿಗೆ ಏರಿದುವು. ಅಕ್ಕ ಮಾತ್ರ ಅಂಗಳದಲ್ಲಿಯೇ ನಿಂತಿದ್ದಳು. "ತುಳಸಿಕಟ್ಟೆ ಬಿಟ್ಟು ನಾನು ಬರೋದಿಲ್ಲ" ಎಂದಳು. "ಕಲ್ಲು ಎಲ್ಲಿ ಹೋದರೂ ಸಿಗುತ್ತೆ, ಬಾ" ಎಂದರು ಭಾವ. "ಕಲ್ಲು ಸಿಗುತ್ತೆ. ನಮ್ಮತ್ತೆ ದಿನಾ ರಂಗೋಲಿ ಇಟ್ಟ ಕಲ್ಲು ಸಿಗುತ್ತಾ?" ಎಂದು ಅವಳು ಕೇಳಿದಳು. ತೀರ್ಪು ಹೇಳುವ ಭಾರ ಮೇಷ್ಟರಾದ ನನ್ನ ಮೇಲೆ ಬಿತ್ತು.

ವಾಚಕರೇ, ನಾನು ಅಕ್ಕನ ಪಕ್ಷವನ್ನೇ ಹಿಡಿದೆ. ಕಲ್ಲು ಊರು ಬದಲಿಸುವುದು ನಮ್ಮ ಸೀಮೆಗೆ ಹೊಸತೇನಲ್ಲ. ಟಿಪ್ಪುಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಸಮೀಪದ ನಜರಬಾದಿಗೆ ಸಾಗಿಸಿ ಹೊಸ ಕೋಟೆಯನ್ನು ಕಟ್ಟಿಸತೊಡಗಿದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವೇ ಕಲ್ಲುಗಳು ಹಿಂದಿರುಗಿ ಬಂದು ಮೈಸೂರಿನ ಕೋಟೆಯಲ್ಲಿ ಸೇರಿದುವು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನೀರು ಏರಿದಾಗ ಕಣ್ಣಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವು ಮುಳುಗಿತು. ಬಹುಕಾಲದ ಮೇಲೆ, ಈ ಶತಮಾನದ ಆರಂಭದ ವರ್ಷಗಳಲ್ಲಿ, ಖೋಡೆ ಪ್ರತಿಷ್ಠಾನದವರು ಅದರ ಕಲ್ಲುಗಳಿಗೆ ಗುರುತು ಹಾಕಿ, ಚಿತ್ರಗಳನ್ನು ತೆಗೆದು, ಬಿಡಿಸಿ, ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಜೋಡಿಸಿದರು. ಈಜಿಪ್ಟಿನ ಅಬುಸಿಂಬಲ್ ದೇವಾಲಯಗಳನ್ನು 1964ರಿಂದ 1968ರವರೆಗೆ ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು, ಸುಮಾರು 65 ಮೀಟರು ಮೇಲಕ್ಕೆ ಏರಿಸಿದ್ದೂ ಇಂಥ ಕ್ರಮದಿಂದಲೇ. ದೊಡ್ಡವರ ಈ ಕ್ರಮ ನಮ್ಮ ತುಳಸಿಕಟ್ಟೆಗೂ ಸಾಕು.

ಮೊದಲು ತೂಕವನ್ನು ಅರಿಯಿರಿ. ನಮ್ಮ ಕಡೆಯ ಗಟ್ಟಿ ಕಲ್ಲು ಒಂದು ಘನ ಅಡಿಗೆ ಸುಮಾರು 75 ಕಿಲೋಗ್ರಾಂ ತೂಗುತ್ತದೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕು ಅಂಗುಲ ದಪ್ಪದ ಒಂದೇ ಚಪ್ಪಡಿ ಎರಡು ಕ್ವಿಂಟಲ್ ಆಗುತ್ತದೆ. ಹೀಗೆ ಎಲ್ಲವನ್ನೂ ಲೆಕ್ಕ ಹಾಕಿ ನೋಡಿದರೆ, ಯಾವುದನ್ನು ಒಯ್ಯಬೇಕು, ಯಾವುದನ್ನು ಮನೆ ಕೊಂಡವರಿಗೆ ಬಿಡಬೇಕು ಎಂಬುದು ತಾನೇ ತಿಳಿಯುತ್ತದೆ. ಮನೆಯನ್ನು ಮಾರಿದ್ದರೆ, ಒಯ್ಯುವ ಕಲ್ಲುಗಳ ಮಾತನ್ನು ಕ್ರಯಕ್ಕೆ ಮೊದಲೇ ಆಡಿ ಮುಗಿಸುವುದು ಮರ್ಯಾದೆ.

ಅನಂತರ ಕಟ್ಟೆಯ ನಕ್ಷೆ ಬರೆದುಕೊಂಡು, ಪ್ರತಿ ಕಲ್ಲಿನ ಕಾಣದ ಮುಖದ ಮೇಲೆ ಅಂಕಿ ಹಾಕಿರಿ. ಮೇಲಿನ ವರಸೆಯಿಂದ ಬಿಡಿಸುತ್ತ ಬನ್ನಿ. ಹಳೆಯ ಸುಣ್ಣದ ಗಾರೆ ಉಳಿಯ ಮೆಲುಪೆಟ್ಟಿಗೆ ಬಿಡುತ್ತದೆ. ಸಿಮೆಂಟು ಹಾಗೆ ಬಿಡುವುದಿಲ್ಲ, ಆತುರಪಟ್ಟರೆ ಕಲ್ಲಿನ ಅಂಚು ಒಡೆಯುತ್ತದೆ. ಚಪ್ಪಡಿಯನ್ನು ಲಾರಿಯಲ್ಲಿ ಮಲಗಿಸದೆ, ನಡುವೆ ಹುಲ್ಲು ಕೊಟ್ಟು, ಅಂಚಿನ ಮೇಲೆ ನಿಲ್ಲಿಸಿ ಕಟ್ಟಿರಿ. ಮಲಗಿದ ಚಪ್ಪಡಿ ಕುಲುಕಾಟಕ್ಕೆ ನಡುಮುರಿಯುತ್ತದೆ. ಮೊದಲು ಬಿಡಿಸಿದ್ದನ್ನು ಮೊದಲು ತುಂಬಿದರೆ, ತಳದ ಕಲ್ಲು ಕಡೆಗೆ ಏರಿ, ಹೊಸಮನೆಯಲ್ಲಿ ಮೊದಲು ಇಳಿಯುತ್ತದೆ. ಅಲ್ಲಿ ಮೊದಲು ಬೇಕಾಗುವುದೂ ಅದೇ ಅಲ್ಲವೇ! ಹೊರಡುವ ಮುನ್ನ ಮಣ್ಣನ್ನೆಲ್ಲ ತೊಳೆಯಿರಿ. ಕಲ್ಲಿನಡಿಯ ಚೇಳು, ಕಾಂಗ್ರೆಸ್ ಗಿಡದ ಬೀಜ ಇವು ನಿಮ್ಮೊಡನೆ ಗೃಹಪ್ರವೇಶ ಮಾಡಬೇಕಾಗಿಲ್ಲ. ಹೊಸ ಅಂಗಳದಲ್ಲಿ ನೆಲವನ್ನು ಚೆನ್ನಾಗಿ ಗುದ್ದಿ, ಮರಳು ಹಾಸಿ, ನೀರು ಗೋಡೆಯತ್ತ ಹರಿಯದಂತೆ ವಾಟ ಕೊಟ್ಟು ಕಲ್ಲು ಕೂರಿಸಿರಿ.

ಇನ್ನು ಒಂದು ಮಾತು ಉಳಿದಿದೆ. ತುಳಸಿಕಟ್ಟೆ ಲಾರಿ ಏರುತ್ತಿದ್ದಂತೆ ಭಾವನವರಿಗೂ ಉತ್ಸಾಹ ಬಂದಿತು. ಊರಾಚೆ ಬೇಲಿಯ ಮಗ್ಗುಲಲ್ಲಿ ಅರ್ಧ ಹೂತಿದ್ದ ವೀರಗಲ್ಲನ್ನು ತೋರಿಸಿ, "ಇದೂ ಬರಲಿ, ಗೇಟಿನ ಪಕ್ಕ ಚೆನ್ನಾಗಿ ಕಾಣುತ್ತೆ, ಯಾರೂ ಕೇಳೋರಿಲ್ಲ" ಎಂದರು. ನಾನು ಒಪ್ಪಲಿಲ್ಲ. ಸಿಂಧಘಟ್ಟವು ಹೊಯ್ಸಳರ ಕಾಲದ ದೇವಾಲಯಗಳುಳ್ಳ ಊರು. ಈ ತಾಲ್ಲೂಕಿನ ಶಾಸನಗಳನ್ನು ರೈಸ್ ಸಾಹೇಬರು 1898ರಲ್ಲಿಯೇ ಅಚ್ಚು ಹಾಕಿಸಿದರು. ವೀರಗಲ್ಲು ಅದು ನಿಂತ ನೆಲದ ಮಾತನ್ನು ಹೇಳುತ್ತದೆ: ತುರು ಕಾಯುತ್ತಲೋ, ಊರು ಕಾಯುತ್ತಲೋ ಒಬ್ಬನು ಇಲ್ಲಿ ಬಿದ್ದನೆಂದು. ಮೈಸೂರಿನ ಗೇಟಿನ ಪಕ್ಕದಲ್ಲಿ ಅದು ಮೂಕ. ಕಾನೂನೂ ಇದೆ: 1972ರ ಕೇಂದ್ರ ಕಾಯಿದೆಯು ನೂರು ವರ್ಷ ಹಳೆಯದಾದ ಶಿಲ್ಪ, ಶಾಸನಗಳನ್ನು ಪುರಾತನ ವಸ್ತುಗಳೆಂದು ಎಣಿಸುತ್ತದೆ. ಇಂಥದು ಕಂಡರೆ ಪುರಾತತ್ತ್ವ ಇಲಾಖೆಗೆ ತಿಳಿಸುವುದೇ ಸರಿ.

ಭಾವನವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ ತಾವೇ ಬಗ್ಗಿ, ಅದರ ಮೇಲಿನ ಮುಳ್ಳನ್ನು ಸರಿಸಿದರು. ಒಯ್ಯಬೇಕಾದುದು ನಮ್ಮ ಮನೆಯ ನೆನಪು. ಊರಿನ ನೆನಪು ಊರಿನಲ್ಲಿಯೇ ಇರಬೇಕು. ಅಕ್ಕನ ಕಟ್ಟೆ ಈಗ ಮೈಸೂರಿನಲ್ಲಿ ನಿಂತಿದೆ. ಒಂದು ಕಲ್ಲು ಮಾತ್ರ ತಿರುಗುಮುರುಗಾಗಿ ಕುಳಿತು ಅದರ ಅಂಕಿ ಹೊರಗೆ ಕಾಣುತ್ತದೆ. ಇರಲಿ ಬಿಡು ಎನ್ನುತ್ತಾಳೆ ಅಕ್ಕ.