ತೊಂಬತ್ತು ದಾಟಿದ ನಾಸ್ತಿಕರು

ಭಾರತೀಯನೆಂದರೆ ಹುಟ್ಟಿನಿಂದಲೇ ದೈವಭಕ್ತ, ಮುಪ್ಪಿನಲ್ಲಂತೂ ಜಪಮಾಲೆ ಬಿಡದವನು: ಪರದೇಶೀಯರು ಬರೆದಿಟ್ಟ ಈ ಚಿತ್ರವನ್ನು ನಾವೂ ಹೆಮ್ಮೆಯಿಂದಲೇ ಒಪ್ಪಿಕೊಂಡಿದ್ದೇವೆ. 1900ರಲ್ಲಿ ಜನಿಸಿ, ನೂರು ದಾಟಿ, 2003ರಲ್ಲಿ ತೀರಿಕೊಂಡ ಎ. ಎನ್. ಮೂರ್ತಿರಾಯರು ಈ ಚೌಕಟ್ಟಿಗೆ ಒಗ್ಗಿದವರಲ್ಲ. ‘ಹಗಲುಗನಸುಗಳು’ ಪ್ರಬಂಧಗಳ ಆ ನಸುನಗೆಯ ಲೇಖಕರು 1991ರಲ್ಲಿ, ತೊಂಬತ್ತು ಕಳೆದ ಮೇಲೆ, ‘ದೇವರು’ ಎಂಬ ಗ್ರಂಥವನ್ನೇ ಪ್ರಕಟಿಸಿ, ಅಂತಹವನೊಬ್ಬನಿದ್ದಾನೆಂಬ ನಂಬಿಕೆಯನ್ನು ವಿಚಾರದ ಒರೆಗೆ ಹಚ್ಚಿ ನಿರಾಕರಿಸಿದರು. ಅದರಲ್ಲಿ ಆರ್ಭಟವನ್ನು ಹುಡುಕುವವರಿಗೆ ನಿರಾಶೆಯಾದೀತು. ಹಿರಿಯರೊಬ್ಬರು ಜಗಲಿಯಲ್ಲಿ ಕುಳಿತು ಮಾತನಾಡಿದ ಧಾಟಿ ಅದು.

ಇದೆಲ್ಲ ಪಾಶ್ಚಾತ್ಯ ವಿದ್ಯೆಯ ಫಲವೆಂದು ಹೇಳುವವರುಂಟು. ರಾಯರು ಇಂಗ್ಲಿಷ್ ಅಧ್ಯಾಪಕರಾಗಿದ್ದುದೇನೋ ನಿಜ. ಆದರೆ ಚಾರ್ವಾಕರು ಯಾವ ಕಾಲೇಜಿನಲ್ಲಿ ಇಂಗ್ಲಿಷ್ ಕಲಿತಿದ್ದರು? ದೂರವೇಕೆ, ನಮ್ಮ ಪಂಪನು ‘ಆದಿಪುರಾಣ’ವನ್ನು ರಚಿಸಿದ್ದು ಜಗತ್ತಿಗೆ ಸೃಷ್ಟಿಕರ್ತನೊಬ್ಬನಿದ್ದಾನೆಂಬುದನ್ನೊಪ್ಪದ ಜೈನಮತದಲ್ಲಿ ನಿಂತಲ್ಲವೇ?