ಚೈನ್ ಮೊಂಡಾದ್ರೆ ದಿನದ ಕೂಲಿಯೂ ಹೋಯ್ತು: ಸಿಲ್ವರ್ ಮರ ಕುಯ್ಯೋರ ಕೆಲಸ, ಮಿಷಿನ್ ಆರೈಕೆ ಹೇಗಿರುತ್ತೆ?

ಮೂಡಿಗೆರೆ: ಕಾಫಿ ಕೊಯ್ಲು ಮುಗೀತಾ ಬಂತು ಅಂದ್ರೆ ಮಲೆನಾಡಿನ ತೋಟಗಳಲ್ಲಿ ಇನ್ನೊಂದು ಸದ್ದು ಶುರುವಾಗುತ್ತೆ. ಅದು ಸಿಲ್ವರ್ ಓಕ್ ಕುಯ್ಯೋ ಮಿಷಿನ್ ಸದ್ದು. ಹೂಮಳೆ ಬಿದ್ದು ಗಿಡ ಹೂವಾಗೋದ್ರೊಳಗೆ ಮರ ತೆಗೆಸಿಬಿಡಬೇಕು ಅನ್ನೋದು ಬೆಳೆಗಾರರ ಲೆಕ್ಕ. ಆಮೇಲೆ ಮರ ಬೀಳಿಸಿದ್ರೆ ಹೂವೂ ಹೋಗುತ್ತೆ, ಮುಂದಿನ ವರ್ಷದ ಫಸಲೂ ಹೋಗುತ್ತೆ.

ಹಾಗಾಗಿ ಕಟಿಂಗ್ ತಂಡಗಳಿಗೆ ಕೈತುಂಬ ಕೆಲಸ ಸಿಗೋದು ವರ್ಷದಲ್ಲಿ ಕೆಲವೇ ತಿಂಗಳು. ಒಂದು ತಂಡದಲ್ಲಿ ಸಾಮಾನ್ಯವಾಗಿ ಐದಾರು ಜನ. ಮಿಷಿನ್ ಹಿಡಿಯೋನು ಒಬ್ಬ, ಮರ ಹತ್ತಿ ಕೊಂಬೆ ಸವರೋನು ಒಬ್ಬ, ಉಳಿದವರು ಹಗ್ಗಕ್ಕೆ, ಲೋಡಿಂಗ್‌ಗೆ. ಕೂಲಿ ಹೆಚ್ಚಾಗಿ ಟನ್ ಲೆಕ್ಕ ಇಲ್ಲಾ ಗುತ್ತಿಗೆ ಲೆಕ್ಕ. ಮಿಷಿನ್ ಅರ್ಧ ದಿನ ಕೈಕೊಟ್ರೆ ಆರು ಜನರ ಅರ್ಧ ದಿನ ಹೋಯ್ತು ಅಂತಲೇ ಅರ್ಥ.

ಸಿಲ್ವರ್ ಮರ ಕಡಿಯೋಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕಾ ಅಂತ ತುಂಬಾ ಜನ ಕೇಳ್ತಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ತೆಂಗು ಇಂಥ ಕೆಲವು ಮರಗಳಿಗೆ ವಿನಾಯಿತಿ ಇದೆ. ಅದೇ ಸಾಲಲ್ಲಿ ನಿಂತಿರೋ ಬೀಟೆಗೆ ಇಲ್ಲ. ಗುರುತು ಹಾಕುವಾಗಲೇ ಇದನ್ನ ನೋಡ್ಕೊಂಡ್ರೆ ಆಮೇಲೆ ತಲೆನೋವಿಲ್ಲ.

ಬೆಳಗ್ಗೆ ಮೊದಲ ಕೆಲಸ ಅರ

ತೋಟಕ್ಕೆ ಬಂದ ತಂಡ ಮೊದಲು ಮಾಡೋದು ಮರ ನೋಡೋದಲ್ಲ, ಚೈನ್‌ಗೆ ಅರ ಹಾಕೋದು. ಸಾಣೆ ಸರಿ ಇದೆಯಾ ಅಂತ ತಿಳಿಯೋದು ಸುಲಭ. ಕುಯ್ಯುವಾಗ ಚಕ್ಕೆ ಚಕ್ಕೆಯಾಗಿ ಹೊಟ್ಟು ಹಾರಿದ್ರೆ ಚೈನ್ ಚೂಪಾಗಿದೆ. ಹಿಟ್ಟಿನ ಹಾಗೆ ನುಣ್ಣಗೆ ಪುಡಿ ಬಿದ್ರೆ ಮೊಂಡಾಗಿದೆ. ಮೊಂಡು ಚೈನ್ ತಾನಾಗಿ ಮರದೊಳಗೆ ಇಳಿಯಲ್ಲ, ಆಪರೇಟರ್ ಅದುಮಬೇಕಾಗುತ್ತೆ. ಅದುಮಿದಷ್ಟೂ ಎಂಜಿನ್ ಬಿಸಿ, ಪೆಟ್ರೋಲ್ ಖರ್ಚು, ಸೊಂಟ ನೋವು. ಜೊತೆಗೆ ಕೈ ಜಾರೋ ಅಪಾಯ ಬೇರೆ.

ಅರ ಹಾಕೋದಕ್ಕೂ ಲೆಕ್ಕ ಇದೆ. ಚೈನ್‌ನ ಹಲ್ಲು ಒಂದು ಎಡಕ್ಕೆ, ಒಂದು ಬಲಕ್ಕೆ ಇರುತ್ತೆ. ಗುಂಡು ಅರವನ್ನ ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿದು ಮುಂದಕ್ಕೆ ಮಾತ್ರ ಉಜ್ಜಬೇಕು. ಹಿಂದಕ್ಕೆ ಎಳೆಯುವಾಗ ತಾಗಿಸಿದ್ರೆ ಅರ ಹಾಳು. ಒಂದು ಹಲ್ಲಿಗೆ ಮೂರು ಸಲ ಉಜ್ಜಿದ್ರೆ ಎಲ್ಲಕ್ಕೂ ಮೂರೇ ಸಲ. ಒಂದು ಕಡೆ ಹಲ್ಲು ಗಿಡ್ಡ, ಇನ್ನೊಂದು ಕಡೆ ಉದ್ದ ಆದ್ರೆ ಕುಯ್ತ ಸೊಟ್ಟಗೆ ಹೋಗುತ್ತೆ. ಹಲ್ಲಿನ ಮುಂದಿರೋ ಚಿಕ್ಕ ಗೂಟವನ್ನ ಸುಮಾರು 0.65 ಮಿ.ಮೀ. ತಗ್ಗಿಸಿ ಇಡಬೇಕು. ಜಾಸ್ತಿ ಕುಯ್ಯಲಿ ಅಂತ ಕೆಲವರು ಇದನ್ನ ಇನ್ನೂ ತೇಯ್ದು ಬಿಡ್ತಾರೆ. ಆಗ ಮಿಷಿನ್ ಒದೆಯೋಕೆ ಶುರು ಮಾಡುತ್ತೆ.

ಚೈನ್‌ಗೆ ದೊಡ್ಡ ಶತ್ರು ಮರ ಅಲ್ಲ, ಮಣ್ಣು. ನೆಲಕ್ಕೆ ಬಿದ್ದ ದಿಮ್ಮಿ ತುಂಡು ಮಾಡುವಾಗ ಒಂದೇ ಒಂದು ಸಲ ಕಲ್ಲಿಗೆ ತಾಗಿದ್ರೆ ಬೆಳಗಿನ ಅರ ಪೂರ್ತಿ ದಂಡ. ಬೇಲಿ ಸಾಲಿನ ಮರಗಳಂತೂ ಇನ್ನೂ ಕಷ್ಟ. ಹಳೇ ಮುಳ್ಳುತಂತಿ, ಮೊಳೆ ತೊಗಟೆಯೊಳಗೆ ಸೇರ್ಕೊಂಡು ಹೊರಗೆ ಕಾಣೋದೇ ಇಲ್ಲ.

ಪೆಟ್ರೋಲ್, ಆಯಿಲ್ ಲೆಕ್ಕ

ಇದು ಟೂ ಸ್ಟ್ರೋಕ್ ಎಂಜಿನ್. ಒಳ್ಳೆ ಟೂ ಸ್ಟ್ರೋಕ್ ಆಯಿಲ್ ಆದ್ರೆ 50ಕ್ಕೆ 1, ಅಂದ್ರೆ ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ. ಕಮ್ಮಿ ಹಾಕಿದ್ರೆ ಪಿಸ್ಟನ್ ಹಿಡ್ಕೊಳ್ಳುತ್ತೆ, ಜಾಸ್ತಿ ಹಾಕಿದ್ರೆ ಹೊಗೆ, ಪ್ಲಗ್‌ನಲ್ಲಿ ಮಸಿ. ಕಣ್ಣಂದಾಜಿನಲ್ಲಿ ಸುರಿಯೋದು ಬಿಟ್ಟು ಅಳತೆ ಮುಚ್ಚಳ ಇಟ್ಕೊಂಡ್ರೆ ಸಾಕು.

ಇತ್ತೀಚೆಗೆ ಇನ್ನೊಂದು ಚಿಂತೆ ಸೇರಿದೆ. ಬಂಕ್‌ಗಳಲ್ಲಿ ಈಗ ಸಿಗೋದು 20% ಎಥನಾಲ್ ಬೆರೆತ ಪೆಟ್ರೋಲ್. ಹಲವು ಮಿಷಿನ್‌ಗಳ ಕೈಪಿಡಿಯಲ್ಲಿ 10% ದಾಟಬಾರದು ಅಂತ ಇದೆ. ಎಥನಾಲ್ ಗಾಳಿಯ ತೇವ ಎಳ್ಕೊಳ್ಳುತ್ತೆ, ಕಾರ್ಬ್ಯುರೇಟರ್ ಒಳಗಿನ ರಬ್ಬರ್ ಪರದೆ, ಪೈಪ್ ಬೇಗ ಕೆಡೋಕೆ ಕಾರಣ ಆಗುತ್ತೆ. ಬೇರೆ ಪೆಟ್ರೋಲ್ ಇಲ್ಲಿ ಎಲ್ಲಿಂದ ತರೋದು? ಆ ದಿನಕ್ಕೆ ಬೇಕಾದಷ್ಟೇ ಮಿಕ್ಸ್ ಮಾಡೋದು, ರಾತ್ರಿ ಟ್ಯಾಂಕ್‌ನಲ್ಲಿ ಉಳಿಸದೇ ಇರೋದು, ಸದ್ಯಕ್ಕೆ ಕೈಯಲ್ಲಿರೋದು ಇಷ್ಟೇ.

ಚೈನ್‌ಗೆ ಬಿಡೋ ಆಯಿಲ್ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಗ್ಯಾರೇಜ್‌ನಲ್ಲಿ ಪುಕ್ಕಟೆ ಸಿಗುತ್ತೆ ಅಂತ ಸುಟ್ಟ ಎಂಜಿನ್ ಆಯಿಲ್ ಹಾಕೋದು ಊರೂರಲ್ಲಿ ರೂಢಿ. ಅದರಲ್ಲಿ ಲೋಹದ ಪುಡಿ ಇರುತ್ತೆ, ಆಯಿಲ್ ಪಂಪ್ ಕಟ್ಟಿಕೊಳ್ಳುತ್ತೆ. ದಿನವಿಡೀ ಕೈಗೆ, ಮುಖಕ್ಕೆ ಸಿಡಿಯೋ ಆ ಎಣ್ಣೆ ಚರ್ಮದ ಕ್ಯಾನ್ಸರ್‌ಗೂ ದಾರಿ.

ಮರ ಬೀಳೋ ದಿಕ್ಕು

ಕಾಫಿ ತೋಟದಲ್ಲಿ ಮರ ಬೀಳಿಸೋದು ಬಯಲಲ್ಲಿ ಬೀಳಿಸಿದ ಹಾಗಲ್ಲ. ಮೊದಲು ಮೆಣಸಿನ ಬಳ್ಳಿ ಬಿಡಿಸಬೇಕು, ಆಮೇಲೆ ಕೊಂಬೆ ಸವರಿ, ತುದಿಗೆ ಹಗ್ಗ ಕಟ್ಟಿ, ಗಿಡಗಳ ಸಾಲಿನ ನಡುವೆ ಮಲಗಿಸಬೇಕು. ಸಿಲ್ವರ್ ಕೊಂಬೆ ಬಾಗಲ್ಲ, ಪಟ್ ಅಂತ ಮುರಿಯುತ್ತೆ. ಹತ್ತೋನಿಗೆ ಬೆಲ್ಟ್ ಇಲ್ಲದೆ ಹತ್ತಿಸೋದು ಶುದ್ಧ ತಪ್ಪು, ಆದ್ರೂ ಬಹಳ ಕಡೆ ನಡೀತಿರೋದು ಹಾಗೇ. ಇದರ ಹೊಟ್ಟು ಕೆಲವರಿಗೆ ಮೈಯೆಲ್ಲಾ ತುರಿಕೆ ತರುತ್ತೆ, ತುಂಬು ತೋಳಿನ ಅಂಗಿ ಹಾಕೋದು ಅದಕ್ಕೇ.

ಬೀಳೋ ಕಡೆ ಬುಡದ ದಪ್ಪದ ಕಾಲು ಭಾಗದಷ್ಟು ಬಾಯಿ ತೆಗೆದು, ಹಿಂದಿನಿಂದ ಸ್ವಲ್ಪ ಮೇಲೆ ಕುಯ್ತ ಹಾಕ್ತಾರೆ. ಪೂರ್ತಿ ಕುಯ್ಯಲ್ಲ. ನಡುವೆ ಹತ್ತನೇ ಒಂದು ಭಾಗದಷ್ಟು ಮರ ಬಿಡಬೇಕು, ಬಾಗಿಲಿಗೆ ಕೀಲು ಇದ್ದ ಹಾಗೆ. ಆ ಕೀಲೇ ಮರಕ್ಕೆ ದಿಕ್ಕು ಕೊಡೋದು. ಅದೂ ಕುಯ್ದು ಹೋದ್ರೆ ಮರ ಯಾವ ಕಡೆ ತಿರುಗುತ್ತೆ ಅಂತ ಯಾರೂ ಹೇಳೋಕಾಗಲ್ಲ. ಕುಯ್ತದಲ್ಲಿ ಬ್ಲೇಡ್ ಸಿಕ್ಕಿ ಹಾಕಿಕೊಳ್ಳದಂತೆ ಹಿಂದಿನಿಂದ ಬೆಣೆ ಹೊಡೀತಾರೆ. ಓಡಿ ತಪ್ಪಿಸಿಕೊಳ್ಳೋ ದಾರಿಯನ್ನ ಮಿಷಿನ್ ಸ್ಟಾರ್ಟ್ ಮಾಡೋಕೆ ಮುಂಚೆಯೇ ಸವರಿ ಇಡಬೇಕು. ಮರದ ಎರಡು ಪಟ್ಟು ಉದ್ದದೊಳಗೆ ಬೇರೆಯವರು ನಿಲ್ಲಬಾರದು. ಹತ್ತಿರ ಕರೆಂಟ್ ಲೈನ್ ಇದ್ರೆ ಮೆಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸದೆ ಮರ ಮುಟ್ಟಲೇಬಾರದು.

ಇನ್ನೊಂದು ಅಪಾಯ ಬ್ಲೇಡ್‌ನ ಮೂತಿಯದ್ದು. ಓಡ್ತಿರೋ ಚೈನ್‌ನ ಮೂತಿಯ ಮೇಲ್ಭಾಗ ಕೊಂಬೆಗೆ ತಾಗಿದ್ರೆ ಮಿಷಿನ್ ಕಣ್ಣು ಮಿಟುಕಿಸೋದ್ರೊಳಗೆ ಮುಖದ ಕಡೆ ಹಾರುತ್ತೆ. ಮುಂದಿನ ಹಿಡಿಕೆಯಲ್ಲಿರೋ ಚೈನ್ ಬ್ರೇಕ್ ಇರೋದು ಇದಕ್ಕೇ. ಹೊಟ್ಟು ತುಂಬಿ ಆ ಬ್ರೇಕ್ ಕೆಲಸ ಮಾಡದ ಎಷ್ಟೋ ಮಿಷಿನ್‌ಗಳು ಈಗಲೂ ಓಡ್ತಿವೆ.

ಪೆಟ್ಟಾದ್ರೆ ಆಸ್ಪತ್ರೆ ಖರ್ಚು ಯಾರದ್ದು ಅನ್ನೋ ಜಗಳ ಹಳೇದು. ಮಾಲೀಕರು ಗುತ್ತಿಗೆದಾರನ್ನ ತೋರಿಸ್ತಾರೆ, ಗುತ್ತಿಗೆದಾರ ಮಾಲೀಕರನ್ನ. 1923ರಲ್ಲೇ ಬಂದ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಮರ ಕಡಿಯೋ ಕೆಲಸದ ಹೆಸರೂ ಇತ್ತು ಅನ್ನೋದು ತಂಡದಲ್ಲಿರೋ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಕೂಲಿ ಕೊಟ್ಟಿದ್ದಕ್ಕೆ ಚೀಟಿಯೇ ಇಲ್ಲದಿದ್ರೆ ಕೇಳೋದಾದ್ರೂ ಯಾವ ದಾಖಲೆ ಇಟ್ಕೊಂಡು?

ಸಂಜೆ ಅರ್ಧ ಗಂಟೆ

ಲೋಡ್ ಲಾರಿ ಹೊರಟ ಮೇಲೆ ಮಿಷಿನ್ ಬಿಚ್ಚಬೇಕು. ಏರ್ ಫಿಲ್ಟರ್ ಬ್ರಷ್ ಹೊಡೆದು, ಬ್ಲೇಡ್ ಗಾಡಿಯಲ್ಲಿ ತುಂಬಿದ ಹೊಟ್ಟು ಕೆರೆದು, ಆಯಿಲ್ ತೂತು ಬಿಡಿಸಬೇಕು. ಬ್ಲೇಡನ್ನ ದಿನಾ ತಿರುಗಿಸಿ ಹಾಕಿದ್ರೆ ಎರಡೂ ಅಂಚು ಸಮ ಸವೆಯುತ್ತೆ. ಬಿಸಿಯಲ್ಲಿ ಚೈನ್ ಹಿಗ್ಗಿರುತ್ತೆ ಅಂತ ಮಧ್ಯಾಹ್ನ ಬಿಗಿ ಮಾಡಿದ್ರೆ, ಸಂಜೆ ಮರೀದೆ ಸಡಿಲ ಬಿಡಬೇಕು. ಇಲ್ಲದಿದ್ರೆ ತಣ್ಣಗಾದಾಗ ಕುಗ್ಗಿ ಎಂಜಿನ್ ಶಾಫ್ಟನ್ನೇ ಎಳೆಯುತ್ತೆ.

ಜೂನ್‌ನಲ್ಲಿ ಮಳೆ ಹಿಡಿದ್ರೆ ತಂಡಕ್ಕೂ ರಜೆ, ಮಿಷಿನ್‌ಗೂ ರಜೆ. ಆಗ ಟ್ಯಾಂಕ್ ಖಾಲಿ ಮಾಡಿ, ತಾನಾಗೇ ಆಫ್ ಆಗೋವರೆಗೂ ಓಡಿಸಿ, ಚೈನನ್ನ ಎಣ್ಣೆಯಲ್ಲಿ ಮುಳುಗಿಸಿ, ಒಲೆ ಹತ್ತಿರ ಅಲ್ಲದ ಒಣ ಜಾಗದಲ್ಲಿ ಎತ್ತಿಡಬೇಕು.