ಕಂಬದ ಬುಡದಲ್ಲಿ ಚಾಚಿದ ಕೈ

‘ಮೊದಲ ಇಳಿಯೂದು ಕಲಿ ತಮ್ಮಾ, ಏರೂದು ಆಮ್ಯಾಲಿನ ಮಾತು.’

ಗುರುಗಳು ಹೀಗೆಂದು ಒಂಬತ್ತೋ ಹತ್ತೋ ವರ್ಷದ ಹುಡುಗನ ಸೊಂಟ ಹಿಡಿದೆತ್ತಿ ಕಂಬಕ್ಕೆ ಆನಿಸಿದರು. ಹುಡುಗ ಕಂಬವನ್ನು ತಬ್ಬಿಕೊಂಡ. ತೊಡೆ ಬಿಗಿದ. ಅವನು ಉಸಿರು ಹಿಡಿದದ್ದು ದೂರ ನಿಂತ ನಮಗೂ ಕಾಣುತ್ತಿತ್ತು. ಎರಡು ಕ್ಷಣ ತಡೆದವನು ಔಡಲೆಣ್ಣೆಯ ನುಣುಪಿಗೆ ಸರ್ರನೆ ಜಾರಿದ. ಕಾಲು ನೆಲ ಮುಟ್ಟುವ ಮೊದಲೇ ಗುರುಗಳ ಒಂದು ಅಂಗೈ ಅವನ ಬೆನ್ನಿಗೆ, ಇನ್ನೊಂದು ತಲೆಯ ಹಿಂದಕ್ಕೆ ಹೋಗಿತ್ತು.

‘ಹೆದರಿದಿ ಏನು?’

‘ಇಲ್ರೀ ಸರ.’

‘ಹೆದರಿದ್ರೂ ನಡೀತೈತಿ. ಹಿಡಿತ ಮಾತ್ರ ಬಿಡಬ್ಯಾಡ.’

ಮಲ್ಲಕಂಬ ನೋಡಲು ಹೋದವರ ಕಣ್ಣು ಸಹಜವಾಗಿ ಮೇಲಕ್ಕೆ ಹೋಗುತ್ತದೆ. ಕಂಬದ ತುದಿಯಲ್ಲಿ ಒಂಟಿ ಕಾಲಲ್ಲಿ ನಿಂತವನು, ತಲೆಕೆಳಗಾಗಿ ಕಾಲಿನ ಹಿಡಿತದಲ್ಲೇ ತೂಗುವವನು, ಹೊಟ್ಟೆಯ ಮೇಲೆ ಭಾರ ಹಾಕಿ ಗಿರ್ರನೆ ತಿರುಗುವವನು. ಚಪ್ಪಾಳೆಯೆಲ್ಲ ಅವರಿಗೇ. ತುಳಸಿಗೇರಿಯಲ್ಲಿ ಆ ಸಂಜೆ ನನ್ನ ಕಣ್ಣು ಮಾತ್ರ ಕೆಳಗಿದ್ದ ಆ ಎರಡು ಕೈಗಳ ಮೇಲೇ ನಿಂತುಬಿಟ್ಟಿತು. ಮುಟ್ಟುವುದಿಲ್ಲ, ತಡೆಯುವುದಿಲ್ಲ. ಹುಡುಗ ಎತ್ತ ವಾಲಿದರೆ ಅತ್ತ ಒಂದು ಗೇಣು ಅಂತರದಲ್ಲಿ ಹಿಂಬಾಲಿಸುತ್ತವೆ. ಈ ಲೇಖನ ಮುಖ್ಯವಾಗಿ ಆ ಕೈಗಳ ಬಗ್ಗೆ.

ಬಾಗಲಕೋಟೆಯಿಂದ ಕಲಾದಗಿಯ ದಾರಿ ಹಿಡಿದರೆ ಸಿಗುವ ತುಳಸಿಗೇರಿ ನಮ್ಮ ಸೀಮೆಯವರಿಗೆ ಮೊದಲು ಹನುಮಪ್ಪನ ಊರು. ಹರಕೆ ಹೊತ್ತವರು, ದೀಡ ನಮಸ್ಕಾರ ಹಾಕುವವರು, ಶನಿವಾರ ತಪ್ಪದೆ ಬರುವವರು ಇಲ್ಲಿ ಎಷ್ಟೋ ಮಂದಿ. ಅದೇ ಊರು ಮಲ್ಲಕಂಬಕ್ಕೂ ಹೆಸರಾಗಿದೆ. ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಜೊತೆಗೆ ತುಳಸಿಗೇರಿಯನ್ನು ಹೇಳದೆ ಕರ್ನಾಟಕದ ಮಲ್ಲಕಂಬದ ಮಾತು ಮುಗಿಯುವುದಿಲ್ಲ. ದೊಡ್ಡ ಪೇಟೆಯಿಲ್ಲದ, ದೊಡ್ಡ ಕ್ರೀಡಾಂಗಣವಿಲ್ಲದ ಒಂದು ಹಳ್ಳಿಯ ಮಕ್ಕಳು, ಬಹುಪಾಲು ಒಕ್ಕಲುತನದ ಮತ್ತು ಕೂಲಿ ಮಾಡುವ ಮನೆಗಳಿಂದ ಬಂದವರು, ಉತ್ಸವದ ವೇದಿಕೆಗಳನ್ನೂ ಸ್ಪರ್ಧೆಯ ಅಂಗಳಗಳನ್ನೂ ಏರಿದ್ದಾರೆ. ಜಿಗಿತದ ದೈವವೇ ಊರ ದೇವರಾಗಿರುವಾಗ ಮಕ್ಕಳಿಗೆ ಬೇರೆ ಮಾದರಿ ಯಾಕೆ ಬೇಕು ಎಂದು ನನಗೆ ಅನ್ನಿಸಿದ್ದುಂಟು.

ಕಂಬದ ಪರಿಚಯ ಮಾಡಿಕೊಳ್ಳೋಣ. ತೇಗ ಅಥವಾ ಬೀಟೆಯಂಥ ಗಟ್ಟಿ ಮರ. ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ. ತುದಿಯಲ್ಲಿ ಕೊರೆದ ಕತ್ತು, ಅದರ ಮೇಲೆ ಗುಂಡನೆಯ ತಲೆ. ನೆಲದ ಮೇಲೆ ಸುಮಾರು ಎಂಟೂವರೆ ಅಡಿ ನಿಲ್ಲುತ್ತದೆ, ಉಳಿದದ್ದು ನೆಲದೊಳಗೆ. ಇದು ನೆಟ್ಟ ಕಂಬ. ಕೊಕ್ಕೆ, ಸರಪಳಿಗಳಿಂದ ತೂಗುಬಿಟ್ಟ ಗಿಡ್ಡ ಕಂಬ ಇನ್ನೊಂದು ಬಗೆ. ಅದು ತಿರುಗುತ್ತದೆ, ಓಲಾಡುತ್ತದೆ, ಆದ್ದರಿಂದ ಹೆಚ್ಚು ಪಳಗಿದವರಿಗೆ. ಮೂರನೆಯದು ಹಗ್ಗ. ಹಿಂದೆ ಬೆತ್ತದಲ್ಲಿ ಮಾಡುತ್ತಿದ್ದುದು ಈಗ ನೂಲಿನ ಹಗ್ಗಕ್ಕೆ ಬಂದಿದೆ. ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಗ್ಗ ಹಿಡಿದು ಹುಡುಗಿಯರು ಸರಸರನೆ ಮೇಲೇರಿ, ಗಂಟು ಹಾಕದೆಯೇ ಹಗ್ಗವನ್ನು ಮೈಗೆ ಸುತ್ತಿಕೊಂಡು ಗಾಳಿಯಲ್ಲಿ ಪದ್ಮಾಸನ ಹಾಕುವುದನ್ನು ಒಮ್ಮೆ ನೋಡಬೇಕು. ಕೆಳಗೆ ನಿಂತ ಅಜ್ಜಿಯರು ‘ಯವ್ವಾ’ ಎಂದು ಸೆರಗು ಬಾಯಿಗಿಡುತ್ತಾರೆ.

ಔಡಲೆಣ್ಣೆ ಹಚ್ಚುವುದೇಕೆ ಎಂದು ಹೊಸಬರು ಕೇಳುತ್ತಾರೆ. ಜಾರುವ ಕಂಬಕ್ಕೆ ಇನ್ನಷ್ಟು ಜಾರಿಕೆ ಯಾಕೆ? ಕಾರಣ ಚರ್ಮ. ಬರಿಮೈ ಒಣ ಮರಕ್ಕೆ ಉಜ್ಜಿದರೆ ಸುಲಿಯುತ್ತದೆ. ಎಣ್ಣೆಯಿದ್ದರೆ ಉಜ್ಜುವ ಉರಿ ಕಡಿಮೆ, ಆದರೆ ಹಿಡಿತ ಪೂರ್ತಿ ಸ್ನಾಯುವಿನಿಂದಲೇ ಬರಬೇಕು. ತೊಡೆ, ಮೀನಖಂಡ, ಹೊಟ್ಟೆ, ಕಂಕುಳು ಎಲ್ಲವೂ ಒಂದೇ ಹೊತ್ತಿಗೆ ಕೆಲಸಕ್ಕೆ ನಿಲ್ಲಬೇಕು. ಅಂಗೈ ತೀರ ಜಾರುತ್ತಿದ್ದರೆ ಚಿಟಿಕೆ ರಾಳದ ಪುಡಿ. ಸ್ಪರ್ಧೆಯಲ್ಲಿ ಒಬ್ಬರ ಪಾಳಿ ಒಂದೂವರೆ ನಿಮಿಷದ ಒಳಗೆ ಮುಗಿಯುತ್ತದೆ. ಆ ಒಂದೂವರೆ ನಿಮಿಷಕ್ಕೆ ವರ್ಷಗಟ್ಟಲೆ ಬೆಳಗಿನ ತಾಲೀಮು.

ಹೆಸರೇ ಹೇಳುವಂತೆ ಇದು ಮಲ್ಲರ ಕಂಬ. ಕುಸ್ತಿಗೆ ಜೋಡಿ ಸಿಗದಾಗ ಪೈಲ್ವಾನರು ಎದುರಾಳಿಯೆಂದು ತಿಳಿದು ಹಿಡಿಯುತ್ತಿದ್ದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಯ ಜೊತೆ ಕಂಬದ ಅಭ್ಯಾಸದ ಪ್ರಸ್ತಾಪವಿದೆಯೆಂದು ಈ ಕಲೆಯ ಚರಿತ್ರೆ ಬರೆದವರೆಲ್ಲ ನೆನೆಯುತ್ತಾರೆ. ಮುಂದೆ ಮರೆತಂತಾಗಿದ್ದ ಇದಕ್ಕೆ 19ನೇ ಶತಮಾನದ ಆರಂಭದಲ್ಲಿ ಮತ್ತೆ ಜೀವ ತುಂಬಿದವರು ಪೇಶ್ವೆ ಎರಡನೆಯ ಬಾಜೀರಾಯನ ಆಶ್ರಯದಲ್ಲಿದ್ದ ಬಾಳಂಭಟ್ಟದಾದಾ ದೇವಧರ. ಅಲ್ಲಿಂದ ಮರಾಠಿ ಸೀಮೆಯ ವ್ಯಾಯಾಮ ಶಾಲೆಗಳಿಗೆ, ಅಲ್ಲಿಂದ ಇತ್ತ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳಿದ, 1956ರವರೆಗೆ ಮುಂಬಯಿ ಕಡೆಗೇ ಮುಖ ಮಾಡಿದ್ದ ಈ ಸೀಮೆಯ ಗರಡಿಯ ಮಾತುಗಳಲ್ಲಿ ಅರ್ಧ ಮರಾಠಿಯೇ. ತಾಲೀಮು, ವಸ್ತಾದ, ಸಲಾಮಿ, ದಸರಂಗ ಎಲ್ಲ ಈಗ ನಮ್ಮವೇ ಆಗಿವೆ. 1936ರ ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಜರ್ಮನಿಯಲ್ಲಿ ಇದನ್ನು ತೋರಿಸಿ ಬಂದರು. 1981ರಲ್ಲಿ ಮಲ್ಲಕಂಬಕ್ಕೆ ತನ್ನದೇ ರಾಷ್ಟ್ರೀಯ ಒಕ್ಕೂಟ ಹುಟ್ಟಿತು. 2022ರ ಜೂನ್‌ನಲ್ಲಿ ಪಂಚಕುಲದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ, ಅದೇ ವರ್ಷ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಪದಕದ ಆಟವೂ ಆಯಿತು.

ಇಷ್ಟು ಗೌರವ ಸಿಕ್ಕದ್ದು ಸಂತೋಷವೇ. ಆದರೆ ಇದನ್ನು ಬರೆಯುವಾಗ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಚಿಕ್ಕಂದಿನಲ್ಲಿ ಕಂಡ ಇನ್ನೊಂದು ಆಟ ಕಣ್ಣಮುಂದೆ ಬರುತ್ತದೆ. ನಾಟಕ ಕಂಪನಿಗಳ ತಗಡಿನ ಥೇಟರುಗಳ ಸಾಲು ದಾಟಿದರೆ ಬಯಲು. ಅಲ್ಲಿ ಎರಡು ಕಡೆ ಬಿದಿರು ಗಳ ಕತ್ತರಿ ನಿಲ್ಲಿಸಿ ಎಳೆದ ಹಗ್ಗ. ಉದ್ದನೆಯ ಕೋಲು ಅಡ್ಡ ಹಿಡಿದು ನಡೆಯುತ್ತಿದ್ದವಳು ನನ್ನ ವಾರಿಗೆಯ ಹುಡುಗಿ. ಕೆಳಗೆ ಅಪ್ಪ ಡೋಲು ಬಾರಿಸುತ್ತ ಅವಳ ಜೊತೆಜೊತೆಗೇ ಹೆಜ್ಜೆ ಹಾಕುತ್ತಿದ್ದ. ಅವನ ಕಣ್ಣು ಒಮ್ಮೆಯೂ ಜನರ ಕಡೆ ತಿರುಗಲಿಲ್ಲ. ಆಟ ಮುಗಿದ ಮೇಲೆ ಅವಳೇ ತಟ್ಟೆ ಹಿಡಿದು ಬಂದಳು. ನನ್ನ ಕೈಲಿದ್ದ ನಾಲ್ಕಾಣೆ ಹಾಕಿದೆ. ಅವಳ ಅಂಗಾಲು ಹಗ್ಗದ ಗುರುತಿನಿಂದ ಉದ್ದಕ್ಕೂ ಸೀಳಿದಂತಿತ್ತು.

ದೊಂಬರು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಸಮುದಾಯ. ಲಾಗ ಹಾಕುವುದು, ಗಳ ಏರುವುದು, ಹಗ್ಗದ ಮೇಲಿನ ನಡಿಗೆ ಅವರಿಗೆ ಹುಟ್ಟಿನಿಂದ ಬಂದ ವಿದ್ಯೆ. ನಾವು ಅದನ್ನು ವಿದ್ಯೆಯೆಂದು ಕರೆಯಲಿಲ್ಲ. ಯಾವುದಾದರೂ ಗದ್ದಲಕ್ಕೆ ‘ದೊಂಬರಾಟ’ ಎಂದು ಬೈಗುಳದ ಮಾತು ಮಾಡಿಕೊಂಡೆವು. ಒಂದೇ ತೋಲ, ಒಂದೇ ಧೈರ್ಯ, ಒಂದೇ ಎತ್ತರ. ಒಂದಕ್ಕೆ ಪದಕ ಮತ್ತು ಪ್ರಮಾಣಪತ್ರ, ಇನ್ನೊಂದಕ್ಕೆ ಚಿಲ್ಲರೆ. ಆ ಹುಡುಗಿ ಶಾಲೆಯ ಅಂಗಳದಲ್ಲಿ ನಮ್ಮ ದೈಹಿಕ ಶಿಕ್ಷಕರ ಮುಂದೆ ನಿಂತಿದ್ದರೆ ಏನಾಗುತ್ತಿತ್ತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಸರ್ಕಸ್ಸಿನ ಕತೆಯೂ ಇದೇ ದಾರಿಯಲ್ಲಿ ಬರುತ್ತದೆ. 1880ರಲ್ಲಿ ಮುಂಬಯಿಯಲ್ಲಿ ಮೊದಲ ಭಾರತೀಯ ಸರ್ಕಸ್ ಕಟ್ಟಿದ ವಿಷ್ಣುಪಂತ ಛತ್ರೆ ಮರಾಠಿ ಸೀಮೆಯವರು, ಕುದುರೆ ಸವಾರಿಯಲ್ಲಿ ಪಳಗಿದವರು. 1901ರಲ್ಲಿ ಕೀಲೇರಿ ಕುಂಞಿಕಣ್ಣನ್ ತಲಶ್ಶೇರಿ ಬಳಿಯ ಚಿರಕ್ಕರದಲ್ಲಿ ಸರ್ಕಸ್ ಕಲಿಸುವ ಕಳರಿ ತೆರೆದರು. ಆ ಕಳರಿಯಿಂದ ಬಂದ ಎಷ್ಟೋ ಬಡ ಮಕ್ಕಳಿಗೆ ತಂಬುವೇ ಮನೆಯಾಯಿತು, ಅನ್ನವಾಯಿತು. ಕಾಲ ಕಳೆದಂತೆ ಅದೇ ತಂಬುಗಳಿಗೆ ಮಕ್ಕಳನ್ನು ಕದ್ದು, ಮಾರಿ ತಂದದ್ದೂ ಹೊರಬಿತ್ತು. ಸರ್ಕಸ್‌ನಲ್ಲಿ ಮಕ್ಕಳನ್ನು ದುಡಿಸುವಂತಿಲ್ಲವೆಂದು ಅಧಿಸೂಚನೆ ಹೊರಡಿಸಬೇಕೆಂದು 2011ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಕ್ಕೆ ಹೇಳಿತು. ಆ ತೀರ್ಪು ಬರಲೇಬೇಕಿತ್ತು. ಮಗುವಿನ ಮೈ ಯಾರದೋ ಟಿಕೆಟ್ ಗಲ್ಲಾಪೆಟ್ಟಿಗೆಗಾಗಿ ಬಾಗಬಾರದು.

ಹಾಗಾದರೆ ಮಕ್ಕಳಿಗೆ ಲಾಗ ಕಲಿಸುವುದೇ ತಪ್ಪೇ? ಇದಕ್ಕೆ ಹೊರಗಿನ ದೇಶಗಳಲ್ಲಿ ಒಂದು ಉತ್ತರ ಸಿದ್ಧವಾಗಿದೆ. ಕೆನಡಾದ ಸರ್ಕ್ ದು ಸೊಲೇಯ್ ಕಂಪನಿ 1995ರಲ್ಲಿ ಸರ್ಕ್ ದು ಮೋಂದ್ ಎಂಬ ಕಾರ್ಯಕ್ರಮ ಆರಂಭಿಸಿ, ಬೀದಿಯ ಮಕ್ಕಳಿಗೆ, ಮನೆ ಬಿಟ್ಟು ಬಂದ ಹುಡುಗರಿಗೆ ಚೆಂಡು ತೂರುವುದು, ಒಬ್ಬರ ಹೆಗಲ ಮೇಲೊಬ್ಬರು ನಿಲ್ಲುವುದು, ಉಯ್ಯಾಲೆ ಹಿಡಿಯುವುದನ್ನು ಕಲಿಸತೊಡಗಿತು. ಕಲಾವಿದರನ್ನು ತಯಾರು ಮಾಡುವ ಉದ್ದೇಶ ಅದಕ್ಕಿರಲಿಲ್ಲ. ಬೇರೆಯವರ ಹೆಗಲ ಮೇಲೆ ನಿಲ್ಲುವ ಮಗು ಆ ಹೆಗಲನ್ನು ನಂಬಲು ಕಲಿಯುತ್ತದೆ, ಹೆಗಲು ಕೊಟ್ಟ ಮಗು ತನ್ನನ್ನು ಯಾರೋ ನಂಬಿದ್ದಾರೆಂದು ತಿಳಿಯುತ್ತದೆ. ಉದ್ದೇಶ ಅಷ್ಟೇ. ಕಾಂಬೋಡಿಯಾದ ಬಟ್ಟಂಬಾಂಗ್‌ನಲ್ಲಿ 1994ರಲ್ಲಿ ಹುಟ್ಟಿದ ಫಾರೆ ಪೊನ್ಲೂ ಸೆಲ್ಪಕ್ ಶಾಲೆಯ ಹಿಂದಿನ ಕತೆ ಇನ್ನೂ ಆಳ. ಯುದ್ಧದಿಂದ ಓಡಿ ಥಾಯ್ಲೆಂಡ್ ಗಡಿಯ ನಿರಾಶ್ರಿತರ ಶಿಬಿರ ಸೇರಿದ್ದ ಮಕ್ಕಳಿಗೆ ಫ್ರಾನ್ಸಿನಿಂದ ಬಂದ ಒಬ್ಬ ಶಿಕ್ಷಕಿ ಚಿತ್ರ ಬಿಡಿಸಲು ಕಲಿಸಿದರು. ಆ ಮಕ್ಕಳೇ ದೊಡ್ಡವರಾಗಿ ಊರಿಗೆ ಮರಳಿ ಬಡಮಕ್ಕಳಿಗೆ ಶಾಲೆ ತೆರೆದರು. ಚಿತ್ರ, ಸಂಗೀತದ ಜೊತೆ ಸರ್ಕಸ್ಸೂ ಸೇರಿತು.

ಇಂಥ ಕಡೆಗೆ ಸ್ವಯಂಸೇವಕರಾಗಿ ಹೋಗುವ ಯುವಕರು ಪ್ರಪಂಚದಾದ್ಯಂತ ಇದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಮೂರು ವಾರಕ್ಕೆಂದು ಬಂದವರು ಹೋದ ಮೇಲೆ ನಾಲ್ಕನೆಯ ವಾರ ಕಂಬದ ಕೆಳಗೆ ಯಾರು ನಿಲ್ಲುತ್ತಾರೆ ಎಂಬುದೇ ನನ್ನ ಚಿಂತೆ. ಮಗು ಎತ್ತರಕ್ಕೆ ಹೋದಷ್ಟೂ ಅದಕ್ಕೆ ಬೇಕಾದದ್ದು ಗುರುತಿನ ಕೈ.

ಅಂಥ ಕೈಗಳು ನಮ್ಮ ದೇಶದಲ್ಲೂ ಇವೆ. ಮುಂಬಯಿ ಶಿವಾಜಿ ಪಾರ್ಕಿನ ಸಮರ್ಥ ವ್ಯಾಯಾಮ ಮಂದಿರದ ಉದಯ ದೇಶಪಾಂಡೆ ದಶಕಗಳ ಕಾಲ ಕಣ್ಣು ಕಾಣದ ಮಕ್ಕಳಿಗೆ, ಅನಾಥ ಮಕ್ಕಳಿಗೆ ಮಲ್ಲಕಂಬ ಕಲಿಸಿದರು, ಹೊರದೇಶದವರಿಗೂ ಕಲಿಸಿದರು. 2019ರಲ್ಲಿ ಮೊದಲ ವಿಶ್ವ ಮಲ್ಲಕಂಬ ಸ್ಪರ್ಧೆ ಅದೇ ಶಿವಾಜಿ ಪಾರ್ಕಿನಲ್ಲಿ ನಡೆಯಿತು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಛತ್ತೀಸಗಡದ ನಾರಾಯಣಪುರದಲ್ಲಿ ಮನೋಜ್ ಪ್ರಸಾದ್ ಎಂಬ ಪೊಲೀಸ್ ಜವಾನ ಅಬೂಝಮಾಡ ಕಾಡಿನ ಆದಿವಾಸಿ ಮಕ್ಕಳನ್ನು ಕಂಬಕ್ಕೆ ತಂದರು. ಬಂದೂಕಿನ ಸದ್ದು ಕೇಳಿ ಬೆಳೆದ ಆ ಮಕ್ಕಳು 2023ರಲ್ಲಿ ದೇಶವೆಲ್ಲ ನೋಡುವ ಟಿವಿ ಸ್ಪರ್ಧೆಯೊಂದನ್ನು ಗೆದ್ದರು. ಕಣ್ಣಿಲ್ಲದ ಮಗು ಕಂಬ ಏರುವುದು ಹೇಗೆ ಎಂದು ಅಚ್ಚರಿಪಡುವವರಿಗೆ ಒಂದು ಮಾತು: ಕಂಬದ ಮೇಲೆ ಬಹಳಷ್ಟು ಹಿಡಿತ ನೋಡದೆಯೇ ಆಗುವುದು. ಬೆನ್ನ ಹಿಂದಿನ ಕಂಬ ಯಾರ ಕಣ್ಣಿಗೂ ಕಾಣುವುದಿಲ್ಲ, ಮೈಗೆ ಗೊತ್ತಾಗುತ್ತದೆ.

ಈಗ ನಮ್ಮದೇ ಸೀಮೆಯ ಹುನಗುಂದ, ಇಳಕಲ್ ಕಡೆಗೆ ಬರುತ್ತೇನೆ. ಇಳಕಲ್ಲಿನಲ್ಲಿ ಮಗ್ಗದ ಮನೆಗಳಿವೆ, ಗ್ರಾನೈಟ್ ಗಣಿಗಳಿವೆ. ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸುವಾಗ ಅವ್ವನ ಪಕ್ಕ ಕುಳಿತು ಎಳೆ ಕೊಡುವುದು ಮನೆಯ ಮಕ್ಕಳೇ. ಹುನಗುಂದದ ಒಣಬೇಸಾಯದ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ದುಡಿಯಲು ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುವವರ ಮಕ್ಕಳು ಅಜ್ಜಿಯ ಜೊತೆ ಉಳಿಯುತ್ತಾರೆ. ಸಂಜೆ ಐದಕ್ಕೆ ಶಾಲೆಯ ಬಾಗಿಲು ಹಾಕಿದ ಮೇಲೆ ಆ ಮಕ್ಕಳು ಎಲ್ಲಿರುತ್ತಾರೆ? ಮೊಬೈಲಿನ ಮುಂದೆ, ಇಲ್ಲವೇ ಡಾಬಾದ ಮುಂದೆ. ತುಳಸಿಗೇರಿಯಲ್ಲಿ ಆದದ್ದು ಇಲ್ಲಿ ಆಗಲಾರದೆನ್ನಲು ನನಗೆ ಒಂದು ಕಾರಣವೂ ಕಾಣುವುದಿಲ್ಲ. ಬೇಕಾದದ್ದು ಒಂದು ಕಂಬ, ಹದ ಮಾಡಿದ ಮಣ್ಣಿನ ಮಟ್ಟಿ ಅಥವಾ ದಪ್ಪ ಹಾಸು, ಒಂದು ಡಬ್ಬಿ ಔಡಲೆಣ್ಣೆ. ಜೊತೆಗೆ ತಪ್ಪದ ಎರಡು ನಿಯಮ: ಗುರು ಇಲ್ಲದೆ ಯಾರೂ ಕಂಬ ಮುಟ್ಟಬಾರದು, ಮೈ ಬಿಸಿ ಮಾಡಿಕೊಳ್ಳದೆ ಯಾರೂ ಏರಬಾರದು. ತುಳಸಿಗೇರಿಯಲ್ಲಿ, ಲಕ್ಷ್ಮೇಶ್ವರದಲ್ಲಿ ಪಳಗಿ ಇಂದು ನೌಕರಿಯಲ್ಲೋ ಹೊಲದಲ್ಲೋ ಇರುವ ಯುವಕರು ವಾರಕ್ಕೆ ಮೂರು ಸಂಜೆ ಬಸ್ಸು ಹತ್ತಿ ಬರಲು ಮನಸ್ಸು ಮಾಡಿದರೆ, ಬಸ್ಸಿನ ಖರ್ಚು ಮತ್ತು ಗೌರವದ ಸಂಭಾವನೆಯನ್ನು ಊರವರು ಹೊರಬೇಕು. ಜಾತ್ರೆಗೆ ಪಟ್ಟಿ ಎತ್ತುವ ಊರುಗಳಿಗೆ ಇದು ಭಾರವಾಗದು. ಕಂಬದ ಸಾಲಿನಲ್ಲಿ ದೊಂಬರ ಓಣಿಯ ಮಕ್ಕಳೂ ನಿಲ್ಲಲಿ. ಅವರ ಹಿರಿಯರಲ್ಲಿ ಹಗ್ಗ ಬಲ್ಲವರಿದ್ದರೆ ಅವರನ್ನೇ ಗುರುವೆಂದು ಕರೆದು ಕೂರಿಸಲಿ.

ನಾನು ಹೊರಡುವ ಹೊತ್ತಿಗೆ ಬೆಳಕು ಇಳಿದಿತ್ತು. ಮೊದಲು ಜಾರಿದ್ದ ಆ ಹುಡುಗ ಐದನೆಯ ಸಲವೋ ಆರನೆಯ ಸಲವೋ ಕಂಬದ ಅರ್ಧಕ್ಕೆ ಬಂದು, ಎರಡೂ ಕೈ ಬಿಟ್ಟು, ಬರೀ ಕಾಲಿನ ಹಿಡಿತದಲ್ಲಿ ಹಿಂದಕ್ಕೆ ಬಾಗಿದ. ತಲೆ ಕೆಳಗೆ, ಊರು ಮೇಲೆ. ಹಾಗೇ ತೂಗುತ್ತ ಬಾಗಿಲ ಹೊರಗೆ ಹುಲ್ಲಿನ ಹೊರೆ ಹೊತ್ತು ನಿಂತಿದ್ದ ಅಜ್ಜಿಯನ್ನು ಕಂಡು ‘ಅಮ್ಮಾ, ನೋಡಿಲ್ಲಿ’ ಎಂದು ಕೂಗಿದ. ಅಜ್ಜಿ ಹೊರೆ ಇಳಿಸಲೂ ಮರೆತು ನೋಡಿದಳು. ಗುರುಗಳ ಕೈ ಅವನ ಕತ್ತಿನ ಕೆಳಗೆ, ಒಂದು ಗೇಣು ದೂರದಲ್ಲಿತ್ತು. ‘ಮಾತು ಆಮ್ಯಾಲೆ, ಮೊದಲ ಇಳಿ’ ಎಂದರು.